ಮೊದಲು ಕಳೆಯಿರಿ, ಆಮೇಲೆ ಗುಣಿಸಿ

ಬೈಂದೂರು ಹತ್ತಿರದ ಹಳ್ಳಿಯಿಂದ ಒಬ್ಬರು ತಾಯಿ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದಲ್ಲಿರುವುದು ಇಷ್ಟು. ಮಗ ಬಿಕಾಂ ಮಾಡಿ ಮಂಗಳೂರಿನ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಸಂಬಳ 19,000. ಪಿಜಿ, ಊಟ, ಬಸ್ಸು ಎಲ್ಲ ಕಳೆದು ತಿಂಗಳಿಗೆ 8,000 ಮನೆಗೆ ಕೊಡುತ್ತಾನೆ. ಈಗ ದುಬೈಯಿಂದ 2,500 ದಿರ್ಹಮ್‌ನ ಆಫರ್ ಬಂದಿದೆ. ಏಜೆಂಟ್ 1,20,000 ಕೇಳುತ್ತಿದ್ದಾನೆ, ಮೊದಲು ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಕೆಲಸದ ವೀಸಾಕ್ಕೆ ಚೇಂಜ್ ಮಾಡಿಸೋಣ ಅಂತಾನಂತೆ. ಮದುವೆ ಆದ ಮೇಲೆ ಮಗ ಹೆಂಡತಿಯನ್ನು ಅಲ್ಲಿಗೆ ಕರೆದುಕೊಳ್ಳಬಹುದಾ ಅಂತಲೂ ಕೇಳಿದ್ದಾರೆ. 'ನೆಂಟರೆಲ್ಲ 57,500 ಆಯ್ತಲ್ಲ, ಇನ್ನೇನು ಯೋಚನೆ ಅಂತಾರೆ. ನನ್ನ ಬಳೆ ಅಡವಿಡುವುದಾ ಬೇಡವಾ, ಅಷ್ಟು ಹೇಳಿ' ಅಂತ ಪತ್ರ ಮುಗಿಸಿದ್ದಾರೆ.

ಅಕ್ಕಾ,

ನೀವು ಕೇಳಿದ್ದಕ್ಕೆ ಮೊದಲು ಉತ್ತರ. ಈ ಆಫರ್‌ಗೆ, ಈ ಏಜೆಂಟ್‌ಗೆ ಬಳೆ ಅಡವಿಡಬೇಡಿ. ಮಗ ಹೋಗುವುದೇ ಬೇಡ ಅಂತ ನಾನು ಹೇಳುತ್ತಿಲ್ಲ. ನಾನೂ ಹೋಗಿ ಬಂದವನೇ, ಆ ದುಡ್ಡಲ್ಲೇ ತಂಗಿ ಮದುವೆ ಆಗಿದ್ದು. ಆದರೆ ನಿಮ್ಮ ನೆಂಟರು ಮಾಡಿದ ಲೆಕ್ಕ ಇದೆಯಲ್ಲ, ದಿರ್ಹಮ್‌ಗೆ 23 ರೂಪಾಯಿ ಅಂತ ಹಿಡಿದು 2,500ನ್ನು 23ರಿಂದ ಗುಣಿಸಿದ್ದು, ಅದೇ ಲೆಕ್ಕವನ್ನು ನಾನೂ 2007ರಲ್ಲಿ ಮಾಡಿದ್ದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆಗ ನನ್ನ ಸಂಬಳ 1,800 ದಿರ್ಹಮ್. ದಿರ್ಹಮ್‌ಗೆ 12 ರೂಪಾಯಿ ಇತ್ತು. 21,600 ಅಂತ ನಮ್ಮ ಮನೆಯ ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿದ್ದೆ. ಹೋಗಿ ಇಳಿದದ್ದು ಶಾರ್ಜಾದ ರೋಲಾದಲ್ಲಿ, ಒಂದು ರೂಮಿಗೆ. ನಾಲ್ಕು ಡಬಲ್ ಮಂಚ, ಎಂಟು ಜನ. ಕೆಳಗಿನ ಮಂಚಕ್ಕೆ ಮೇಲಿನದಕ್ಕಿಂತ 50 ದಿರ್ಹಮ್ ಜಾಸ್ತಿ, ನಾನು ಮೇಲಿನದನ್ನೇ ತಗೊಂಡೆ. ಬಚ್ಚಲಿಗೆ ಒಬ್ಬೊಬ್ಬರಿಗೆ ಒಂದೊಂದು ಹೊತ್ತು, ನನ್ನದು ಬೆಳಿಗ್ಗೆ 4:50ರಿಂದ 5 ಗಂಟೆ. ಫ್ರಿಜ್‌ನಲ್ಲಿ ಹಾಲಿನ ಪ್ಯಾಕೆಟ್ ಮೇಲೆಲ್ಲ ಹೆಸರು ಬರೆದಿರುತ್ತಿತ್ತು. ಕೆಲಸ ದುಬೈಯ ಅಲ್ ಕ್ವೋಜ್‌ನ ಗೋದಾಮಲ್ಲಿ. ಮೆಟ್ರೋ ಆಗ ಇರಲಿಲ್ಲ, ಅದು ಶುರುವಾಗಿದ್ದು 2009ರ ಸೆಪ್ಟೆಂಬರ್‌ನಲ್ಲಿ. ಬಸ್ಸಲ್ಲಿ ಕೂತರೆ ಹೋಗುವಾಗ ಎರಡು ಗಂಟೆ, ಬರುವಾಗ ಎರಡು ಗಂಟೆ.

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ದಿರ್ಹಮ್ ಅನ್ನು ಡಾಲರ್‌ಗೆ ಕಟ್ಟಿಹಾಕಿದ್ದಾರೆ, ಒಂದು ಡಾಲರ್‌ಗೆ 3.6725. ಹಾಗಾಗಿ ಡಾಲರ್ ಎದುರು ರೂಪಾಯಿ ಏರಿದರೆ ನಾವು ಊರಿಗೆ ಕಳಿಸುವ ದುಡ್ಡು ಕರಗುತ್ತದೆ. 2007ರಲ್ಲಿ ಅದೇ ಆಯ್ತು. ವರ್ಷ ಮುಗಿಯುವಷ್ಟರಲ್ಲಿ 12 ಇದ್ದದ್ದು 11ಕ್ಕಿಂತ ಕೆಳಗೆ ಬಂತು. ಸಂಬಳ ಅದೇ, ರೂಮಿನ ಬಾಡಿಗೆ ಮಾತ್ರ ಏರಿತು, ಊರಿನ ಸಾಲ ರೂಪಾಯಿ ಲೆಕ್ಕದಲ್ಲಿ ಹಾಗೇ ನಿಂತಿತ್ತು. ಈಗ ರೂಪಾಯಿ ಇಳಿಯುತ್ತಾ ಬಂದಿರುವುದರಿಂದ ಗಲ್ಫ್‌ನವರಿಗೆ ಅನುಕೂಲ, ನಿಜ. ಅದನ್ನು ನಂಬಿಕೊಂಡು ಸಾಲ ಮಾಡಬಾರದು ಅಷ್ಟೇ.

ಈಗ ನಿಮ್ಮ ಮಗನ ಲೆಕ್ಕಕ್ಕೆ ಬರೋಣ. ಮೊದಲು ಕಳೆಯೋಣ, ಗುಣಿಸುವುದು ಆಮೇಲೆ.

ನನಗೆ ಗೊತ್ತಿರುವ ನಾಲ್ಕು ಹುಡುಗರು ಅಲ್ಲಿದ್ದಾರೆ. ಅವರನ್ನು ಕೇಳಿ ಬರೆದುಕೊಂಡೆ. ದೇರಾ, ಬರ್ ದುಬೈ ಕಡೆ ಬೆಡ್ ಸ್ಪೇಸ್, ಅಂದರೆ ಒಂದು ಮಂಚದ ಬಾಡಿಗೆ, ಕರೆಂಟು ನೀರು ಸೇರಿ 750 ಅಂತ ಹಿಡಿಯಿರಿ. ಇದಕ್ಕಿಂತ ಕಡಿಮೆಗೂ ಸಿಗಬಹುದು, ಆದರೆ 2025ರ ಜೂನ್‌ನಲ್ಲಿ ದುಬೈ ಮುನಿಸಿಪಾಲಿಟಿಯವರು ರಿಗ್ಗಾ, ಸತ್ವಾ, ಬರ್ಷಾ ಕಡೆಯೆಲ್ಲ ಅನುಮತಿ ಇಲ್ಲದೆ ಹಲಗೆ ಹೊಡೆದು ಮಾಡಿದ ಪಾರ್ಟಿಶನ್ ರೂಮುಗಳನ್ನು ತೆಗೆಸಲು ಶುರು ಮಾಡಿದರು. ಅಗ್ಗದ ಜಾಗ ಅಂದರೆ ಬಹುಪಾಲು ಅವೇ. ನಮ್ಮ ಹುಡುಗರಲ್ಲಿ ಒಬ್ಬ ಆ ಸಮಯದಲ್ಲಿ ರಾತ್ರೋರಾತ್ರಿ ಸೂಟ್‌ಕೇಸ್ ಹಿಡಿದುಕೊಂಡು ರೂಮು ಬದಲಾಯಿಸಿದ.

ಮೆಸ್ ಊಟಕ್ಕೆ 400. ಬೆಳಿಗ್ಗೆ ತಿಂಡಿ, ಚಾಗೆ 100. ಆಫೀಸು ದೂರ ಇದ್ದರೆ ಮೆಟ್ರೋ, ಬಸ್ಸಿನ ತಿಂಗಳ ಪಾಸ್ 350. ಫೋನಿಗೆ 100. ಅಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜ್ ಹೋಗುತ್ತದೆ, ಮಾತಾಡಲು ಆಗುವುದಿಲ್ಲ, ಬೇರೆ ಆ್ಯಪ್ ಹಾಕಿಕೊಳ್ಳಬೇಕು. ಸೋಪು, ಬಟ್ಟೆ ಒಗೆಸುವುದು, ಕ್ಷೌರ, ಒಂದು ಜ್ವರಕ್ಕೆ ಮಾತ್ರೆ, ಎಲ್ಲ ಸೇರಿ 150. ಒಟ್ಟು 1,850.

2,500ರಲ್ಲಿ ಉಳಿಯುವುದು 650. ಈಗ ಅದೇ 23ರಿಂದ ಗುಣಿಸಿ. 14,950 ರೂಪಾಯಿ.

ಇದು ರಜೆಯ ದಿನ ಎಲ್ಲೂ ಸುತ್ತದೆ, ಹೊಟೇಲಿಗೆ ಹೋಗದೆ, ಯಾರಿಗೂ ಕೈಸಾಲ ಕೊಡದೆ ಉಳಿಯುವ ದುಡ್ಡು. ಮಂಗಳೂರಿನಿಂದ ಈಗಲೇ ನಿಮಗೆ 8,000 ಬರುತ್ತಿದೆ ಅಲ್ವಾ? ಹಾಗಾದರೆ ಸಮುದ್ರ ದಾಟಿ ಹೋಗಿದ್ದರಿಂದ ಜಾಸ್ತಿ ಸಿಕ್ಕಿದ್ದು ತಿಂಗಳಿಗೆ 6,950.

ಇನ್ನು ಸಾಲ. ಏಜೆಂಟ್‌ಗೆ 1,20,000. ಅದರ ಮೇಲೆ ಹೋದ ಕೂಡಲೇ ಸಂಬಳ ಬರುವುದಿಲ್ಲ, ಮೊದಲ ತಿಂಗಳ ಬಾಡಿಗೆ, ಅಡ್ವಾನ್ಸು, ಊಟಕ್ಕೆ ಕೈಯಲ್ಲಿ 1,500 ದಿರ್ಹಮ್ ಆದರೂ ಇರಬೇಕು. ಅದು 34,500. ಎರಡೂ ಸೇರಿ 1,54,500. ಮನೆಗೆ ಈಗ ಬರುತ್ತಿರುವ 8,000 ನಿಲ್ಲಬಾರದು ಅಂದರೆ, ಆ ಜಾಸ್ತಿಯ 6,950ರಲ್ಲೇ ಸಾಲ ತೀರಿಸಬೇಕು. 22 ತಿಂಗಳ ಮೇಲೆ ಬೇಕು, ಬಡ್ಡಿ ಬಿಟ್ಟು. ಅಲ್ಲಿನ ಕೆಲಸದ ಪರ್ಮಿಟ್ ಸಾಮಾನ್ಯವಾಗಿ ಎರಡು ವರ್ಷದ್ದು, 24 ತಿಂಗಳು. ಮನೆಗೆ ಏನೂ ಕಳಿಸದೆ ಪೂರ್ತಿ ಸಾಲಕ್ಕೇ ಕಟ್ಟಿದರೂ ಹತ್ತು ತಿಂಗಳ ಮೇಲಾಗುತ್ತದೆ. ಮಧ್ಯದಲ್ಲಿ ಊರಿಗೆ ಬರುವ ಟಿಕೆಟ್ ಇದರಲ್ಲಿ ಸೇರಿಲ್ಲ. ವರ್ಷಕ್ಕೊಮ್ಮೆ ಕಂಪನಿ ಟಿಕೆಟ್ ಕೊಡಲೇಬೇಕು ಅಂತ ಅಲ್ಲಿ ಕಾನೂನಿಲ್ಲ, ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ. ಬರುವಾಗ ಚಾಕೊಲೇಟು, ಬಾಮು, ಹಾಲಿನ ಪುಡಿ ಡಬ್ಬ ತುಂಬಿಸಿ 30 ಕಿಲೋ ಚೀಲ ಹೊತ್ತು ತರಬೇಕು, ಅದೂ ಇದೆ. ನೀವು ಬೇಡ ಅಂದರೂ ಅವನು ತರುತ್ತಾನೆ. ಬರಿಗೈಲಿ ಬಂದ ಅಂತ ಅನ್ನಿಸಿಕೊಳ್ಳುವುದು ಯಾರಿಗೂ ಇಷ್ಟವಿಲ್ಲ.

ಅದೇ ಹುಡುಗನಿಗೆ 1,800 ಸಂಬಳ, ರೂಮು ಮತ್ತು ಗಾಡಿ ಕಂಪನಿಯದ್ದು ಅಂತ ಇನ್ನೊಂದು ಆಫರ್ ಬಂದಿದ್ದರೆ? ನೆಂಟರು ಅದನ್ನು ಕೇಳಿ ಮೂಗು ಮುರಿಯುತ್ತಿದ್ದರು. ಆದರೆ ಬಾಡಿಗೆ 750, ಪಾಸ್ 350 ಬಿಟ್ಟರೆ ಅವನ ಖರ್ಚು 750 ಮಾತ್ರ. ಉಳಿಯುವುದು 1,050. ಅಂದರೆ 24,150 ರೂಪಾಯಿ. 700 ದಿರ್ಹಮ್ ಕಡಿಮೆ ಸಂಬಳದಲ್ಲಿ 400 ದಿರ್ಹಮ್ ಜಾಸ್ತಿ ಉಳಿತಾಯ. ಇದನ್ನು ಮಗನ ಹತ್ತಿರ ಕೂತು ಒಂದು ಹಾಳೆಯಲ್ಲಿ ಬರೆಸಿ ನೋಡಿ. ಅವನು ಲೆಕ್ಕದವನು, ತಕ್ಷಣ ಅರ್ಥವಾಗುತ್ತದೆ.

ಪತ್ರದ ಜೊತೆ ಆಫರ್‌ನ ಪ್ರತಿ ಇಟ್ಟಿದ್ದು ಒಳ್ಳೆಯದಾಯಿತು. ಅದರಲ್ಲಿ 2,500 ಅಂತ ದಪ್ಪ ಅಕ್ಷರದಲ್ಲಿದೆ, ಕೆಳಗೆ ಸಣ್ಣದಾಗಿ ಬಿಡಿಸಿ ಬರೆದಿದ್ದಾರೆ. ಬೇಸಿಕ್ (ಮೂಲ ಸಂಬಳ) 1,200, ಮನೆ ಬಾಡಿಗೆಗೆ 700, ಓಡಾಟಕ್ಕೆ 300, ಇತರೆ 300. ನನ್ನ ಕಣ್ಣು ಮೊದಲು ಹೋಗಿದ್ದು ಆ 1,200ರ ಮೇಲೆ. ಯಾಕೆ ಅಂದರೆ ಮುಂದೆ ಏನೇ ಸಿಗುವುದಿದ್ದರೂ ಬೇಸಿಕ್ ಮೇಲೆ ಸಿಗುತ್ತದೆ. ಓವರ್‌ಟೈಮ್ ಲೆಕ್ಕ ಬೇಸಿಕ್ ಮೇಲೆ. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಅದೂ ಒಂದು ವರ್ಷ ಪೂರೈಸಿದ್ದರೆ. 1,200ಕ್ಕೆ ವರ್ಷಕ್ಕೆ 840 ದಿರ್ಹಮ್ ಆಗುತ್ತದೆ. ಬೇಸಿಕ್ 2,000 ಇದ್ದರೆ 1,400. ಕೆಲಸ ಹೋದರೆ ಮೂರು ತಿಂಗಳವರೆಗೆ ಬೇಸಿಕ್‌ನ ಶೇ. 60 ಕೊಡುವ ವಿಮೆಯೊಂದು 2023ರಿಂದ ಕಡ್ಡಾಯವಾಗಿದೆ, ಈ ಸಂಬಳಕ್ಕೆ ತಿಂಗಳಿಗೆ 5 ದಿರ್ಹಮ್ ಕಟ್ಟಬೇಕು. ಒಳ್ಳೆಯದೇ. ಆದರೆ 1,200ರ ಶೇ. 60 ಅಂದರೆ 720. ಒಂದು ಮಂಚದ ಬಾಡಿಗೆಗೂ ಸಾಲದು. ನೀವು ಮಂಗಳೂರಿನ ಸಂಬಳಕ್ಕೆ ಹೋಲಿಸುವುದಾದರೆ ಇದನ್ನೂ ಹಿಡಿಯಬೇಕು: ಖಾಸಗಿ ಕಂಪನಿಗಳಲ್ಲಿ ದುಡಿಯುವ ನಮ್ಮಂಥವರಿಗೆ ಇಷ್ಟಾದರೂ ಕೊಡಲೇಬೇಕು ಅನ್ನುವ ಕನಿಷ್ಠ ಸಂಬಳ ಅಲ್ಲಿ ಇಲ್ಲ. ಕತಾರ್‌ನಲ್ಲಿ 2021ರಿಂದ ಇದೆ, 1,000 ರಿಯಾಲ್, ರೂಮು ಊಟ ಕೊಡದಿದ್ದರೆ ಅದರ ಮೇಲೆ 500 ಮತ್ತು 300.

ಆದಾಯ ತೆರಿಗೆ ಇಲ್ಲ ಅನ್ನುವುದು ನಿಜ, ಅದು ದೊಡ್ಡ ಅನುಕೂಲ. ಸಂಬಳ ಸರ್ಕಾರದ ವ್ಯವಸ್ಥೆಯ ಮೂಲಕವೇ ಖಾತೆಗೆ ಬರಬೇಕು ಅನ್ನುವ ನಿಯಮ 2009ರಿಂದ ಇದೆ, ಅದರಿಂದ ಸಂಬಳ ಹಿಡಿದಿಟ್ಟುಕೊಳ್ಳುವುದು ಎಷ್ಟೋ ಕಡಿಮೆಯಾಗಿದೆ.

ಏಜೆಂಟ್ ವಿಷಯಕ್ಕೆ ನನಗೆ ನಿಜವಾಗಿ ಸಿಟ್ಟು ಬಂತು ಅಕ್ಕಾ. ನಮ್ಮ ಸರ್ಕಾರದಲ್ಲಿ ನೋಂದಾಯಿಸಿದ ಏಜೆಂಟ್ ತಗೊಳ್ಳಬಹುದಾದ್ದು ಹೆಚ್ಚೆಂದರೆ 30,000, ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 35,400, ಅದಕ್ಕೆ ರಸೀದಿ ಕೊಡಬೇಕು. ಅಲ್ಲಿನ ಕಾನೂನು ಇನ್ನೂ ಗಟ್ಟಿ. ನೇಮಕದ ಖರ್ಚು ಮಾಲೀಕನದ್ದು, ಕೆಲಸಗಾರನಿಂದ ಒಂದು ಪೈಸೆ ವಸೂಲಿ ಮಾಡಬಾರದು. ಹಾಗಿದ್ದಾಗ 1,20,000 ಯಾವುದಕ್ಕೆ? ಮಗ ಹತ್ತನೇ ತರಗತಿ ದಾಟಿದವನಾದ್ದರಿಂದ ಅವನ ಪಾಸ್‌ಪೋರ್ಟ್‌ಗೆ ಎಮಿಗ್ರೇಶನ್ ಕ್ಲಿಯರೆನ್ಸ್, ಅಂದರೆ ಹೊರದೇಶಕ್ಕೆ ಕೆಲಸಕ್ಕೆ ಹೋಗಲು ನಮ್ಮ ಸರ್ಕಾರದ ಅನುಮತಿ, ಬೇಕಾಗಿಲ್ಲ. ಅದಕ್ಕೇ ಅವನ ಕಾಗದಗಳನ್ನು ನಮ್ಮ ಕಡೆ ಯಾರೂ ನೋಡುವುದೂ ಇಲ್ಲ, ಏಜೆಂಟ್‌ಗೆ ವಿಸಿಟ್ ವೀಸಾದಲ್ಲಿ ಹತ್ತಿಸಿಬಿಡುವುದು ಸುಲಭ. ವಿಸಿಟ್‌ನಲ್ಲಿ ಹೋಗಿ ಕೆಲಸ ಹುಡುಕಿ ನೆಲೆ ನಿಂತವರು ಬೇಕಾದಷ್ಟು ಜನ ಇದ್ದಾರೆ, ಸುಳ್ಳು ಹೇಳುವುದಿಲ್ಲ. ಆದರೆ ವಿಸಿಟ್‌ನಲ್ಲಿ ಕೆಲಸ ಮಾಡುವುದು ಕಾನೂನಿಗೆ ವಿರುದ್ಧ, ಪರ್ಮಿಟ್ ಇಲ್ಲದೆ ಕೆಲಸಕ್ಕೆ ಇಟ್ಟುಕೊಂಡ ಮಾಲೀಕನಿಗೆ 2024ರಿಂದ ದಂಡವೇ 1 ಲಕ್ಷ ದಿರ್ಹಮ್‌ನಿಂದ ಶುರು. ಅವಧಿ ಮುಗಿದ ಮೇಲೆ ಉಳಿದರೆ ಮಗನಿಗೆ ದಿನಕ್ಕೆ 50 ದಿರ್ಹಮ್ ದಂಡ. ಕೈಯಲ್ಲಿ ಆಫರ್ ಇರುವವನು ಯಾಕೆ ವಿಸಿಟ್‌ನಲ್ಲಿ ಹೋಗಬೇಕು? ನಿಜವಾಗಿ ಕೆಲಸ ಇದ್ದರೆ ಕಂಪನಿಯೇ ಎಂಪ್ಲಾಯ್‌ಮೆಂಟ್ ವೀಸಾ ಕಳಿಸಲಿ.

ನೀವು ಕಳಿಸಿದ್ದು ಕಂಪನಿಯ ಲೆಟರ್‌ಹೆಡ್ ಮೇಲಿನ ಕಾಗದ. ಅದು ಸಾಲದು. ಅಲ್ಲಿನ ಕಾರ್ಮಿಕ ಇಲಾಖೆಯದ್ದೇ ಒಂದು ಆಫರ್ ಲೆಟರ್ ಇರುತ್ತದೆ. ಅರೇಬಿಕ್, ಇಂಗ್ಲಿಷ್ ಜೊತೆಗೆ ಹಿಂದಿಯಲ್ಲೂ ಸಿಗುತ್ತದೆ. ಅದರಲ್ಲಿ ಸಹಿ ಮಾಡಿದ ಸಂಬಳವೇ ಒಪ್ಪಂದದಲ್ಲೂ ಇರಬೇಕು. ಅದನ್ನು ಕಳಿಸಿ ಅಂತ ಮಗ ಮೇಲ್ ಹಾಕಲಿ. ಜೊತೆಗೆ ಮೂರು ಪ್ರಶ್ನೆ ಕೇಳಲಿ: ರೂಮು ಕೊಡುತ್ತೀರಾ, ಬೇಸಿಕ್ ಏರಿಸುತ್ತೀರಾ, ವೀಸಾ ಖರ್ಚು ನಿಮ್ಮದೇ ತಾನೇ? ಕೇಳಿದರೆ ಆಫರ್ ತಪ್ಪಿಹೋಗುತ್ತದೆ ಅಂತ ಹೆದರಬೇಡಿ. ಇಷ್ಟು ಕೇಳಿದ್ದಕ್ಕೆ ತಪ್ಪಿಹೋಗುವ ಕೆಲಸ ಸಿಕ್ಕಿದ್ದರೂ ನಿಲ್ಲುತ್ತಿರಲಿಲ್ಲ. ಅನುಮಾನ ಬಂದರೆ ದುಬೈಯಲ್ಲಿ ಭಾರತೀಯ ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ. ಅಲ್ಲಿಂದ ಫೋನ್ ಮಾಡಲು 800 46342, ಇದನ್ನು ಮಗನ ಫೋನಲ್ಲಿ ಈಗಲೇ ಹಾಕಿಸಿ.

ಮದುವೆ ಆದ ಮೇಲೆ ಹೆಂಡತಿಯನ್ನು ಕರೆದುಕೊಳ್ಳಬಹುದಾ ಅಂತಲೂ ಕೇಳಿದ್ದೀರಿ. 4,000 ದಿರ್ಹಮ್ ಸಂಬಳ ಬೇಕು, ಇಲ್ಲವೇ 3,000 ಮತ್ತು ಕಂಪನಿ ಮನೆ. 2,500ಕ್ಕೆ ಆಗುವುದಿಲ್ಲ.

ನನಗೆ ಅನ್ನಿಸುವುದು, ಅವನಿಗೆ ಇದಕ್ಕಿಂತ ಒಳ್ಳೆಯದು ಸಿಗುತ್ತದೆ. ಅಲ್ಲಿ 2018ರಲ್ಲಿ ಶೇ. 5ರ ವ್ಯಾಟ್ ಬಂತು, 2023ರಿಂದ ಕಂಪನಿಗಳ ಲಾಭದ ಮೇಲೆ ಶೇ. 9 ತೆರಿಗೆ ಬಂತು. ಮೊದಲು ನೋಟ್‌ಬುಕ್‌ನಲ್ಲಿ ಲೆಕ್ಕ ಇಡುತ್ತಿದ್ದ ಸಣ್ಣ ಅಂಗಡಿಯವರಿಗೂ ಈಗ ರಿಟರ್ನ್ ಹಾಕುವವರು ಬೇಕು. ನಿಮ್ಮ ಮಗ ಜಿಎಸ್‌ಟಿ, ಟ್ಯಾಲಿ ಎರಡೂ ಬಲ್ಲವನು. ಆರು ತಿಂಗಳು ಮಂಗಳೂರಲ್ಲೇ ಇದ್ದು ಅಲ್ಲಿನ ವ್ಯಾಟ್ ಲೆಕ್ಕ ಕಲಿತುಕೊಂಡರೆ ಮಾತಾಡುವ ಧೈರ್ಯವೇ ಬೇರೆ ಇರುತ್ತದೆ.

ಇನ್ನೊಂದು ಮಾತು, ಇದು ನಿಮಗೆ. ನನ್ನ ಅಮ್ಮ ಫೋನಲ್ಲಿ ಎಂದೂ ದುಡ್ಡು ಕೇಳಿದವಳಲ್ಲ. ಮಳೆಗಾಲದ ಮುಂಚೆ ಹಂಚು ಬದಲಾಯಿಸಬೇಕು ಅನ್ನುತ್ತಿದ್ದಳು, ಅಷ್ಟೇ. ನಾನು ಆಯ್ತಮ್ಮ ಅಂತಿದ್ದೆ. ಖಾತೆಯಲ್ಲಿ 90 ದಿರ್ಹಮ್ ಇದ್ದ ದಿನವೂ ಆಯ್ತಮ್ಮ ಅಂದಿದ್ದೇನೆ. ರೂಮಿನವರೆಲ್ಲ ಸೇರಿ ನಡೆಸುತ್ತಿದ್ದ ಚೀಟಿಯನ್ನು ಮೊದಲೇ ಎತ್ತಿ ಕಳಿಸಿದೆ, ಮುಂದಿನ ಎಂಟು ತಿಂಗಳು ಅದನ್ನು ಕಟ್ಟಲು ರಾತ್ರಿ ಊಟಕ್ಕೆ ಖುಬ್ಬೂಸ್ ರೊಟ್ಟಿ, ಮೊಸರು ಇಷ್ಟೇ. ನನ್ನ ಸಂಬಳ ಎಷ್ಟು ಅಂತ ಅವಳಿಗೆ ಗೊತ್ತಿತ್ತು, ಉಳಿಯುವುದು ಎಷ್ಟು ಅಂತ ನಾನು ಹೇಳಿರಲೇ ಇಲ್ಲ. ಹೇಳಿದ್ದರೆ ಹಂಚು ಇನ್ನೊಂದು ವರ್ಷ ತಡೆಯುತ್ತಿತ್ತು, ಅವಳೇ ಬೇಡ ಅನ್ನುತ್ತಿದ್ದಳು. ನಿಮ್ಮ ಮಗ ಹೋದರೆ, ಪ್ರತಿ ತಿಂಗಳು ಉಳಿದದ್ದು ಎಷ್ಟು ಅಂತ ಅವನ ಬಾಯಿಂದ ಕೇಳಿಸಿಕೊಳ್ಳಿ. ಎಷ್ಟು ಕಳಿಸುತ್ತೀಯ ಅನ್ನುವುದನ್ನು ಆಮೇಲೆ ಕೇಳಿ.

ಕಂಪನಿಯಿಂದ ಉತ್ತರ ಬಂದ ದಿನ ಅದರ ಫೋಟೊ ನನಗೆ ಕಳಿಸಿ, ಬೇಸಿಕ್ ಎಷ್ಟು ಅಂತ ನೋಡಿ ಅವತ್ತೇ ಬರೆಯುತ್ತೇನೆ. ಅಲ್ಲಿತನಕ ಬಳೆ ನಿಮ್ಮ ಕೈಯಲ್ಲೇ ಇರಲಿ.

— ಸಂಪಾದಕ