ಫೈರ್‌ಫಾಕ್ಸ್‌ನಲ್ಲಿ ಎಂಪಿ4 ಓಡದಿದ್ದರೆ ಮೊದಲು ‘ಎನ್’ ಇದೆಯಾ ನೋಡಿ
ವಿಎಲ್‌ಸಿ ಪ್ಲೇಯರ್‌ನಲ್ಲಿ ಓಡುವ ಎಂಪಿ4 ವಿಡಿಯೋ ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಓಡುತ್ತಿಲ್ಲ, ಲ್ಯಾಪ್‌ಟಾಪ್ ಜರ್ಮನಿಯಲ್ಲಿ ಕೊಂಡದ್ದು ಅಂದಿದ್ದೀರಿ. ಹಾಗಾದರೆ ಅದರಲ್ಲಿರುವುದು ಯುರೋಪ್‌ಗಾಗಿ ಮಾಡಿದ ವಿಂಡೋಸ್‌ನ ‘ಎನ್’ ಆವೃತ್ತಿ ಇರಬಹುದು. 2004ರ ಯುರೋಪಿಯನ್ ಕಮಿಷನ್ ಆದೇಶದಿಂದ ಹುಟ್ಟಿದ್ದು. ಮೀಡಿಯಾ ಪ್ಲೇಯರ್ ಜೊತೆಗೆ ಕೋಡೆಕ್‌ಗಳೂ (ವಿಡಿಯೋ, ಆಡಿಯೋ ಬಿಚ್ಚಿ ಓಡಿಸುವ ತಂತ್ರಾಂಶ) ಅದರಲ್ಲಿ ಇರುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರ ಕೊನೆಯಲ್ಲಿ ಅಬೌಟ್ ತೆರೆಯಿರಿ. ಎಡಿಷನ್ ಮುಂದೆ ‘ಪ್ರೊ ಎನ್’ ಅಥವಾ ‘ಹೋಮ್ ಎನ್’ ಅಂತಿದ್ದರೆ ಕಳ್ಳ ಸಿಕ್ಕಿದ ಹಾಗೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲೇ ‘ಆಪ್ಷನಲ್ ಫೀಚರ್ಸ್’ ಅಂತ ಹುಡುಕಿ (ಈ ಮೆನು ಒಂದೊಂದು ಅಪ್‌ಡೇಟ್‌ಗೆ ಒಂದೊಂದು ಕಡೆ ಹೋಗಿ ಕೂರುತ್ತೆ), ಬಿಟ್ಟುಹೋದ ಕೋಡೆಕ್‌ಗಳಿರುವ ಮೀಡಿಯಾ ಫೀಚರ್ ಪ್ಯಾಕ್ ಸೇರಿಸಿ. ದುಡ್ಡು ಕೊಡಬೇಕಿಲ್ಲ. ಬ್ರೌಸರ್ ಮುಚ್ಚಿ ತೆರೆದರೆ ಸಾಲದು, ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಿ.

ಫೈರ್‌ಫಾಕ್ಸ್ ತನ್ನದೇ ಕೋಡೆಕ್ ಯಾಕೆ ಇಟ್ಟುಕೊಳ್ಳಬಾರದು ಅಂತಲೂ ಕೇಳಿದ್ದೀರಿ. ಎಂಪಿ4ಗಳಲ್ಲಿ ಸಾಮಾನ್ಯವಾಗಿ ಇರುವ ಎಚ್.264 ಎಂಬ ವಿಡಿಯೋ ವಿಧಾನಕ್ಕೆ ಪೇಟೆಂಟ್‌ಗಳ ಕಾಟವಿದೆ, ಅದನ್ನು ಬಿಚ್ಚುವ ಡಿಕೋಡರ್ ಹಂಚುವವರ ಮೇಲೆ ಲೈಸೆನ್ಸ್ ಶುಲ್ಕ ಬೀಳುತ್ತೆ. ಅದಕ್ಕೇ ಫೈರ್‌ಫಾಕ್ಸ್ ವಿಂಡೋಸ್‌ನೊಳಗಿನ ವಿಡಿಯೋ ವ್ಯವಸ್ಥೆಯಾದ ಮೀಡಿಯಾ ಫೌಂಡೇಶನ್‌ಗೆ ಕೈ ಚಾಚುವುದು. ವಿಎಲ್‌ಸಿ ತಯಾರಿಸುವ ವಿಡಿಯೋಲ್ಯಾನ್ ಸಂಸ್ಥೆ ಫ್ರಾನ್ಸ್‌ನದು. ಸಾಫ್ಟ್‌ವೇರ್ ಪೇಟೆಂಟ್ ಅಲ್ಲಿ ನಡೆಯಲ್ಲ ಎಂಬ ಧೈರ್ಯದಲ್ಲಿ ವಿಎಲ್‌ಸಿ ತನ್ನ ಕೋಡೆಕ್‌ಗಳ ಬುತ್ತಿ ಕಟ್ಟಿಕೊಂಡೇ ಬರುತ್ತೆ. ನನ್ನ ಕೇಳಿದರೆ ಸಿಸ್ಟಮ್ ಕೋಡೆಕ್ ಬಳಸುವುದೇ ಸರಿ; ಅದು ಇಲ್ಲದಾಗ ಏನು ಕೊರತೆ ಅಂತ ಫೈರ್‌ಫಾಕ್ಸ್ ನೆಟ್ಟಗೆ ಹೇಳಬೇಕು, ಅಷ್ಟೆ.

ಎಡಿಷನ್‌ನಲ್ಲಿ ‘ಎನ್’ ಇಲ್ಲದಿದ್ದರೆ ನನ್ನ ಊಹೆ ತಪ್ಪು. ಆಗ ಫೈರ್‌ಫಾಕ್ಸ್‌ನ ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟಿಂಗ್ ಮಾಹಿತಿ ತೆರೆದು, ಮೀಡಿಯಾ ಭಾಗದ ಕೋಡೆಕ್ ಪಟ್ಟಿಯಲ್ಲಿ ಎಚ್264 ಸಾಲು ಏನನ್ನುತ್ತೆ ಅಂತ ಇಲ್ಲಿ ಹಾಕಿ.