ಬಾಗಲಕೋಟೆ, ವಿಜಯಪುರ ಕಡೆ ಹೊಸ ಮನೆಗಳ ಮಾಳಿಗೆ ಮೇಲೆ ಪಿಲ್ಲರಿನ ಸರಳುಗಳನ್ನು ಯಾಕೆ ಹಾಗೇ ಬಿಟ್ಟಿರುತ್ತಾರೆ?

ಮುಂದೆ ಹಣ ಕೂಡಿದಾಗ ಇನ್ನೊಂದು ಮಹಡಿ ಏರಿಸಲೆಂದು. ಮಳೆ ಕೈಕೊಟ್ಟರೂ, ಕಾರ್ಖಾನೆಯಿಂದ ಕಬ್ಬಿನ ಹಣ ಬರುವುದು ತಡವಾದರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಹಾಗಾಗಿ ದೊಡ್ಡ ಸಾಲ ಮಾಡದೆ ಕೆಳಗಿನ ಮನೆಯಷ್ಟೇ ಮುಗಿಸುತ್ತಾರೆ. ನನ್ನ ಪ್ರಕಾರ ಇದು ಜಾಣತನವೇ, ಆದರೆ ಪಾಯವನ್ನು ಮೊದಲೇ ಮೇಲಿನ ಮಹಡಿಯ ಭಾರವನ್ನೂ ಸೇರಿಸಿ ಲೆಕ್ಕ ಹಾಕಿದ್ದರೆ ಮಾತ್ರ. ಕೋಣೆ, ಗೋಡೆ ಆಮೇಲೆ ಸೇರಿಸಬಹುದು; ಮನೆ ನಿಂತ ಮೇಲೆ ಪಾಯ ಬಲಪಡಿಸುವುದು ಬಹಳ ದುಬಾರಿ. ಅದರಲ್ಲೂ ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಪಾಯ ಅದನ್ನು ದಾಟಿ ಗಟ್ಟಿ ನೆಲಕ್ಕೆ ಇಳಿಯಬೇಕು.

ಬಿಟ್ಟ ಸರಳಿಗೆ ಸಿಮೆಂಟ್ ಹಾಲು ಬಳಿಸಿ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸುತ್ತಲಿನ ಕಾಂಕ್ರೀಟನ್ನೇ ಸೀಳುತ್ತದೆ.