ಕ್ಲೇಮ್ ಪಾಸ್ ಆಗುವವರೆಗೆ ಇನ್ಶೂರೆನ್ಸ್‌ನವರು ಬೇರೆ ಕಾರು ಕೊಡುತ್ತಾರಾ?

ಹಿಂದಿನಿಂದ ಟೆಂಪೊ ಗುದ್ದಿ 18 ದಿನ ಆಯ್ತು, ಕಾರು ಗ್ಯಾರೇಜಿನಲ್ಲೇ ಇದೆ, ಕ್ಯಾಬ್‌ಗೆ ದುಡ್ಡು ಸುರಿದು ಸಾಕಾಗಿದೆ, ಕಂಪನಿಯವರೇ ಬೇರೆ ಕಾರು ಕೊಡಬೇಕಲ್ವಾ ಅಂತ ಕೇಳಿದ್ದೀರಿ. ಇಲ್ಲ, ಕೊಡೋದಿಲ್ಲ. ಹೋದ ದೀಪಾವಳಿ ಹೊತ್ತಿಗೆ ಕೆಂಗೇರಿ ಹತ್ತಿರ ನನಗೂ ಹೀಗೇ ಆಗಿತ್ತು. ಡಲ್ಲಾಸ್‌ನಲ್ಲಿರುವ ನಮ್ಮ ಭಾವ ಫೋನ್ ಮಾಡಿ "ಬಾಡಿಗೆ ಕಾರು ಕೇಳಯ್ಯ, ಬಿಡಬೇಡ" ಅಂದರು. ಅವರ ಕಡೆ ತಪ್ಪು ಮಾಡಿದವನ ಇನ್ಶೂರೆನ್ಸ್ ಸಾಮಾನ್ಯವಾಗಿ ಆ ಬಾಡಿಗೆ ಕಟ್ಟುತ್ತದೆ. ನಾನು ಅದನ್ನೇ ನಂಬಿಕೊಂಡು ಕಸ್ಟಮರ್ ಕೇರ್ ಜೊತೆ ಜಗಳ ಆಡಿ ಒಂದು ವಾರ ಸುಮ್ನೆ ಹಾಳು ಮಾಡಿದೆ.

ನಮ್ಮಲ್ಲಿ ಮಾಮೂಲಿ ಪಾಲಿಸಿ ಕಾರಿನ ರಿಪೇರಿಗೆ ಮಾತ್ರ. ಕಾರಿಲ್ಲದೆ ಓಡಾಡಿದ ಖರ್ಚು ಅದರಲ್ಲಿ ಬರುವುದಿಲ್ಲ. ಜೀರೊ ಡೆಪ್, ಅಂದರೆ ಬಿಡಿಭಾಗ ಹಳೆಯದು ಅಂತ ದುಡ್ಡು ಕಡಿಯದ ಆಡ್-ಆನ್, ಇದ್ದರೂ ಅಷ್ಟೇ. ಆದರೂ ಒಮ್ಮೆ ಪಾಲಿಸಿ ತೆಗೆದು ಪ್ರೀಮಿಯಂ ಪಟ್ಟಿ ನೋಡಿ. 'ಡೈಲಿ ಅಲೋಯನ್ಸ್' ಅಥವಾ 'ಲಾಸ್ ಆಫ್ ಯೂಸ್' ಅಂತ ಒಂದು ಸಾಲು ಇದ್ದರೆ ದಿನಕ್ಕೆ ಇಷ್ಟು ಅಂತ ಕೊಡುತ್ತಾರೆ. ಅದಕ್ಕೂ ದಿನಗಳ ಮಿತಿ ಇರುತ್ತದೆ, ಮೊದಲ ಕೆಲವು ದಿನ ಲೆಕ್ಕಕ್ಕಿಲ್ಲ ಅನ್ನುವ ಷರತ್ತೂ ಇರಬಹುದು. ನನ್ನ ಪಾಲಿಸಿಯಲ್ಲಿ ಆ ಸಾಲೇ ಇರಲಿಲ್ಲ.

ಹಾಗಾಗಿ ಕ್ಲೇಮ್ ಎಲ್ಲಿ ನಿಂತಿದೆ ಅಂತ ಮೊದಲು ಹುಡುಕಿ. ನಾನು ಕೊನೆಗೆ ಗ್ಯಾರೇಜಿಗೇ ಹೋದೆ. ನಮ್ಮ ಕಾರಿನ ಬಂಪರ್ ಹಿಂದಿನ ಸೀಟಿನ ಮೇಲೆ ಮಲಗಿತ್ತು, ಪಕ್ಕದಲ್ಲಿ ಅಮ್ಮನ ಕೊಡೆ. ಯಾರೂ ಮುಟ್ಟಿರಲಿಲ್ಲ. ವಿಚಾರಿಸಿದರೆ, ಬಿಚ್ಚಿದ ಮೇಲೆ ಒಳಗಿನ ಶೀಟೂ ಬಗ್ಗಿರೋದು ಕಂಡಿತಂತೆ. ಅದಕ್ಕೆ ಸಪ್ಲಿಮೆಂಟರಿ ಎಸ್ಟಿಮೇಟ್, ಅಂದರೆ ಹೆಚ್ಚುವರಿ ರಿಪೇರಿಯ ಅಂದಾಜು ಪಟ್ಟಿ, ಕಳಿಸಬೇಕು, ಸರ್ವೇಯರ್ (ಕಂಪನಿ ಪರವಾಗಿ ನಷ್ಟ ಲೆಕ್ಕ ಹಾಕುವವರು) ಮತ್ತೆ ಬಂದು ನೋಡಬೇಕು. ಆ ಎಸ್ಟಿಮೇಟ್ ಗ್ಯಾರೇಜಿನಿಂದ ಹೊರಟೇ ಇರಲಿಲ್ಲ! ಕಂಪನಿಯವರು ಗ್ಯಾರೇಜ್ ಕಡೆ ಬೆರಳು ತೋರಿಸುತ್ತಿದ್ದರು, ಗ್ಯಾರೇಜಿನವರು ಸರ್ವೇಯರ್ ಕಡೆ. ಅಲ್ಲೇ ಕೂತು ಇಮೇಲ್ ಕಳಿಸಿಸಿ, ನನಗೂ ಕಾಪಿ ಹಾಕಿಸಿಕೊಂಡೆ. ನಾಲ್ಕನೇ ದಿನ ಒಪ್ಪಿಗೆ ಬಂತು.

ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐನ 2024ರ ನಿಯಮದ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು, 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಈ ಮೂರು ತಾರೀಖು ಹಾಕಿ ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಮಾಡಿ, ಐಆರ್‌ಡಿಎಐನ ದೂರು ವೆಬ್‌ಸೈಟ್ ಬಿಮಾ ಭರೋಸಾದಲ್ಲೂ ಹಾಕಿ. 30 ದಿನ ಕಳೆದರೂ ಉತ್ತರ ಇಲ್ಲದಿದ್ದರೆ ಇಂಥ ದೂರು ವಿಚಾರಿಸಿ ತೀರ್ಮಾನಿಸುವ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಇದ್ದಾರೆ. ಬೆಂಗಳೂರಿನ ಕಚೇರಿ ಜೆ.ಪಿ. ನಗರದಲ್ಲಿದೆ, ಫೀಸ್ ಇಲ್ಲ.

ಇನ್ನು ಓಡಾಟ. ನಾನು ಮಾಡಿದ ತಪ್ಪು ಅಂದರೆ ಕಾರಿನ ಜಾಗಕ್ಕೆ ಕಾರೇ ಬೇಕು ಅಂದುಕೊಂಡಿದ್ದು. ಆಫೀಸಿಗೆ ಕೆಂಗೇರಿಯಿಂದ ಎಂ.ಜಿ. ರೋಡ್‌ವರೆಗೆ ನೇರಳೆ ಮೆಟ್ರೋ ನೇರ ಇದೆ, ಆ ಚಿಂತೆ ಮುಗಿಯಿತು. ಅಪ್ಪನನ್ನು ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಬೇಕಿತ್ತು, ಅವರಿಗೆ ಮೆಟ್ಟಿಲು ಆಗಲ್ಲ. ಬೀದಿ ಕೊನೆಯ ಸ್ಟ್ಯಾಂಡಿನ ಆಟೋದವರೊಬ್ಬರ ಹತ್ತಿರ ಮಾತಾಡಿದೆ. ಆರು ಕಿಲೋಮೀಟರ್, ಈಗಿನ ಮೀಟರ್ ಲೆಕ್ಕದಲ್ಲಿ 108 ರೂಪಾಯಿ. ಹೋಗಿ ಬರೋದು, ಒಂದು ಗಂಟೆ ಕಾಯೋದು ಸೇರಿಸಿ 300ಕ್ಕೆ ಒಪ್ಪಿದರು. ಕ್ಯಾಬ್‌ಗೆ ಅದಕ್ಕಿಂತ ಜಾಸ್ತಿ ಹೋಗುತ್ತಿತ್ತು, ಮೇಲೆ ಕ್ಯಾನ್ಸಲ್ ಕಾಟ ಬೇರೆ. ಆಟೋದವರು ಅಪ್ಪನ ಕೈ ಹಿಡಿದು ಇಳಿಸುತ್ತಿದ್ದರು.

ಊರಿಗೆ ಹೋಗಲೇಬೇಕು ಅಂದರೆ ಎರಡು ದಿನಕ್ಕೆ ಸೆಲ್ಫ್ ಡ್ರೈವ್ ತಗೊಳ್ಳಿ. ನಂಬರ್ ಪ್ಲೇಟ್ ಕಪ್ಪಗಿದ್ದು ಅಕ್ಷರ ಹಳದಿ ಇರಬೇಕು. ಪರಿಚಯದವರ ವೈಟ್ ಬೋರ್ಡ್ ಕಾರನ್ನು ಬಾಡಿಗೆ ಕೊಟ್ಟು ತರಬೇಡಿ. ಅದು ಗುದ್ದಿದರೆ ಇನ್ನೊಂದು ಕ್ಲೇಮ್ ತಲೆಗೆ ಬೀಳುತ್ತದೆ, ಅದು ಪಾಸೂ ಆಗಲ್ಲ.

ಬಿಲ್‌ಗಳನ್ನು ಮಾತ್ರ ಎಸೆಯಬೇಡಿ. ತಪ್ಪು ಟೆಂಪೊದವರದೇ ಆಗಿದ್ದರೆ ಈ ಖರ್ಚನ್ನು ಅವರಿಂದ ಕೇಳಬಹುದು. ಹತ್ತು ಹನ್ನೆರಡು ಸಾವಿರಕ್ಕೆ ಅಪಘಾತ ಪರಿಹಾರದ ಟ್ರಿಬ್ಯುನಲ್‌ವರೆಗೆ ಹೋಗೋದು ನನಗಂತೂ ಬೇಡ ಅನಿಸಿತು. ನನ್ನ ಕಾರಿಗೆ ಗುದ್ದಿದ ವ್ಯಾನಿನ ಮಾಲೀಕರ ಮುಂದೆ ಬಿಲ್ ಕಂತೆ ಇಟ್ಟೆ. ಗೊಣಗಿಕೊಂಡೇ ಅರ್ಧ ಕೊಟ್ಟರು.